ಎತ್ತಿನ ಪಾಲಿನ ಕಷಾಯ

ಚಾಂದಸಾಬ ನಾಲಬಂದ ದಿನಕ್ಕೆ ಎರಡು ಗುಳಿಗೆ ಅಫೀಮು ತಿನ್ನುತ್ತಾನೆ ಎಂಬುದು ಬಸವನ ಬಾಗೇವಾಡಿಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಸರಕಾರಕ್ಕೂ ಗೊತ್ತಿತ್ತು. ಅದಕ್ಕೇ ಸರಕಾರ ಅವನಿಗೊಂದು ಪರವಾನಗಿ ಪುಸ್ತಕ ಕೊಟ್ಟಿತ್ತು. ಅದರಲ್ಲಿ ಅವನ ಹೆಸರು, ಅಪ್ಪನ ಹೆಸರು, ಎಡಗೆನ್ನೆಯ ಮೇಲಿನ ಮಚ್ಚೆ, ತಿಂಗಳಿಗೆ ಎಷ್ಟು ತೂಕ ಎಂಬುದೆಲ್ಲ ಬರೆದಿತ್ತು. ಬೇರೆ ಯಾವ ವಿಷಯಕ್ಕೂ ಸರಕಾರ ಅವನ ಕೆನ್ನೆಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಎತ್ತುಗಳ ಗೊರಸಿಗೆ ಕಬ್ಬಿಣದ ನಾಲ ಬಡಿಯುವುದು ಅವನ ಮನೆತನದ ಕಸುಬು. ಮನಗೂಳಿ ರಸ್ತೆಯ ಬದಿಯಲ್ಲಿ ಅವನ ಮನೆ, ಮನೆಯ ಮುಂದೆ ಬೇವಿನ ಮರ, ಮರದ ಕೆಳಗೆ ಅವನ ಕಾರಖಾನೆ. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ, ಗೊರಸು ಕೆತ್ತಿ, ನಾಲವಿಟ್ಟು ಮೊಳೆ ಹೊಡೆಯಬೇಕು. ಗೊರಸಿನ ಸತ್ತ ಭಾಗಕ್ಕೂ ಜೀವವಿರುವ ಭಾಗಕ್ಕೂ ನಡುವಿನ ಜಾಗ ಜೋಳದ ದಂಟಿನ ಸಿಪ್ಪೆಯಷ್ಟು. ಮೊಳೆ ಹೊರಗೆ ಸರಿದರೆ ನಾಲ ಉದುರುತ್ತದೆ. ಒಳಗೆ ಸರಿದರೆ ಎತ್ತು ಕುಂಟುತ್ತದೆ. ಎತ್ತು ಕುಂಟಿತೆಂದರೆ ಅದು ಕುಂಟುತ್ತ ಹೋಗುವುದಕ್ಕಿಂತ ಬೇಗ ನಾಲಬಂದನ ಹೆಸರು ಇಂಡಿ, ಸಿಂದಗಿ ದಾಟಿ ಹೋಗುತ್ತದೆ.

ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಎತ್ತು ಅವನ ಪಕ್ಕೆಲುಬಿಗೆ ಒದ್ದಿತ್ತು. ನೋವಿಗೆಂದು ಯಾರೋ ಹಿರಿಯರು ಒಂದು ಗುಳಿಗೆ ಕೊಟ್ಟರು. ಆ ದಿನ ಸಂಜೆಯೇ ಅವನು ಅದೇ ಎತ್ತನ್ನು ಕೆಡವಿ, ಸೀಳು ಗೊರಸಿನ ಕಾಲಿಗೆ ಎರಡರಂತೆ ಎಂಟೂ ನಾಲ ಬಡಿದ. ಒಂದು ಮೊಳೆಯೂ ಅತ್ತಿತ್ತ ಆಗಲಿಲ್ಲ. ಅಂದಿನಿಂದ ಇಂದಿನವರೆಗೆ ಅವನ ಕೈಯಲ್ಲಿ ಒಂದು ಎತ್ತೂ ಕುಂಟಿಲ್ಲ. ಈ ಕೀರ್ತಿಯನ್ನು ಚಾಂದಸಾಬ ಎರಡು ಪಾಲು ಮಾಡಿದ್ದ. ಅರ್ಧ ಅಲ್ಲಾಹನಿಗೆ, ಅರ್ಧ ಗುಳಿಗೆಗೆ. ತನಗೆಂದು ಏನೂ ಇಟ್ಟುಕೊಂಡಿರಲಿಲ್ಲ.

ಆ ವರ್ಷ ಸಂಕ್ರಾಂತಿಯ ಮಾರನೆಯ ದಿನ ಅವನು ತಿಂಗಳ ಪಾಲು ತರಲು ಮುದ್ದೇಬಿಹಾಳಕ್ಕೆ ಹೋದಾಗ ಸರಕಾರಿ ಅಂಗಡಿಯವನು ಪುಸ್ತಕದ ಮೇಲೆ ಸಿಕ್ಕಾ ಒತ್ತಿ, ಏಪ್ರಿಲ್ ಒಂದರಿಂದ ಅಂಗಡಿ ಮುಚ್ಚುತ್ತದೆ, ದೇಶದಲ್ಲೆಲ್ಲ ಹೀಗೇ, ಬೇಕಾದರೆ ವಿಜಾಪುರದ ದೊಡ್ಡ ದವಾಖಾನೆಗೆ ಹೋಗು ಎಂದ. ಚಾಂದಸಾಬ ಬಸ್ಸಿನಲ್ಲಿ ತಿರುಗಿ ಬಂದು ಬೇವಿನ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಜೈತುನಬಿ ಬಾಗಿಲಲ್ಲಿ ನಿಂತು ನೋಡಿದಳು.

"ಏನಾತ್ರಿ? ಮಾರಿ ಯಾಕ ಹಿಂಗ?"

"ಸರಕಾರ ಅಫೀಮು ಬಿಟ್ಟೈತಂತ."

"ಹಂಗಾದ್ರ ನೀವೂ ಬಿಡ್ರಿ. ಇಷ್ಟ ದಿನಾ ಅದರ ಕೂಡ ತಿಂದೀರಿ."

"ನಗಬ್ಯಾಡ, ಜೈತುನಾ. ಬಿಟ್ರ ಕೈ ನಡಗತಾವ. ಕೈ ನಡಗಿದ್ರ ಎತ್ತು ಕುಂಟತೈತಿ. ಎತ್ತು ಕುಂಟಿದ್ರ ನಾ ಯಾರು?"

"ನೀವಾ? ಕೈ ನಡಗೋ ಚಾಂದಸಾಬ. ಮತ್ತ್ಯಾರ ಆಗ್ತೀರಿ?"

ಅವಳು ಹಾಗೆ ಹೇಳಿದಳಾದರೂ ಅವನ ಪಕ್ಕದಲ್ಲಿ ಬಂದು ಕುಳಿತಳು. ಮೊಳೆ ಹಿಡಿಯುವ ಆ ಎರಡು ಬೆರಳುಗಳ ಮೇಲೆ ಈ ಮನೆ ನಿಂತಿದೆ ಎಂದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು, "ರಂಜಾನ ಬರತೈತಿ. ಒಂದು ವರ್ಷಾನೂ ಪೂರಾ ರೋಜಾ ಹಿಡದಿಲ್ಲ ನೀವು, ಈ ಹಾಳ ಗುಳಿಗಿ ಸಲುವಾಗಿ" ಎಂದಳು.

ಚಾಂದಸಾಬನಿಗೆ ಸಿಟ್ಟು ಬಂತು. ಯಾಕೆಂದರೆ ಜೈತುನಬಿಗೂ ಒಂದು ಚಟವಿತ್ತು. ಪ್ರತಿ ಮುಂಜಾನೆ ಅವಳು ತಂಬಾಕು ಹುರಿದು ಮಾಡಿದ ಕರಿ ಮಿಶ್ರಿಯನ್ನು ತೋರುಬೆರಳಿಗೆ ಹಚ್ಚಿಕೊಂಡು ಒಂದು ತಾಸು ಹಲ್ಲು ತಿಕ್ಕುತ್ತಿದ್ದಳು. ಆ ತಾಸಿನಲ್ಲಿ ಅವಳಿಗೆ ಮಾತಾಡಲು ಬರುತ್ತಿರಲಿಲ್ಲ. ಮನೆಯಲ್ಲಿ ಅದೊಂದೇ ಶಾಂತಿಯ ಹೊತ್ತು.

"ನೀ ಮಿಶ್ರಿ ಬಿಡು. ನಾ ಇದನ್ನ ಬಿಡ್ತೇನಿ."

"ಮಿಶ್ರಿ ಏನು ಅಫೀಮೇನ್ರಿ? ಹಲ್ಲ ತಿಕ್ಕೋ ಪುಡಿ ಅದು."

"ಹಲ್ಲ ಇಲ್ಲದ ಕಡೀಗೂ ತಿಕ್ಕತಿಯಲ್ಲ!"

ಹೀಗೆ ಕರಾರು ಆಯಿತು. ಚಾಂದಸಾಬನ ಗುಳಿಗೆ ಸಣ್ಣದಾಗುತ್ತ ಹೋಗಬೇಕು. ಅದು ತೀರ ಸಣ್ಣದಾದ ದಿನ ಜೈತುನಬಿ ತನ್ನ ಮಿಶ್ರಿಯ ಡಬ್ಬಿಯನ್ನು ಅವನ ಹತ್ಯಾರದ ಚೀಲದಲ್ಲಿ ಹಾಕಬೇಕು. ಕರಾರಿಗೆ ಅಮಸಿದ್ದ ಸಾಕ್ಷಿ. ಅಮಸಿದ್ದ ಚಾಂದಸಾಬನ ಓರಗೆಯವನು, ಕುರುಬರ ಪೈಕಿ. ಮೂವತ್ತು ವರ್ಷದಿಂದ ಎತ್ತನ್ನು ಕೆಡವುವುದು ಅವನ ಕೆಲಸ, ಮೊಳೆ ಹೊಡೆಯುವುದು ಇವನ ಕೆಲಸ.

"ದವಾಖಾನಿ ಬ್ಯಾಡ" ಎಂದ ಅಮಸಿದ್ದ. "ಮನಗೂಳ್ಯಾಗ ಹುಚ್ಚವ್ವ ಅದಾಳ. ನಮ್ಮ ಟಗರು ಹೊಲಾ ಸುತ್ತೋದ ಬಿಡಿಸ್ಯಾಳ. ನಿನ್ನ ಬಿಡಸೂದಿಲ್ಲೇನು?"

ಹುಚ್ಚವ್ವ ಎಪ್ಪತ್ತರ ಮೇಲಿನ ಸಣ್ಣ ಮುದುಕಿ. ಹೆಸರೊಂದನ್ನು ಬಿಟ್ಟರೆ ಅವಳಲ್ಲಿ ಹುಚ್ಚಿನ ಅಂಶ ಏನೂ ಇರಲಿಲ್ಲ. ದನಕ್ಕೂ ಮನುಷ್ಯರಿಗೂ ಅವಳು ಒಂದೇ ಕಟ್ಟೆಯ ಮೇಲೆ ಔಷಧ ಕೊಡುತ್ತಿದ್ದಳು. ಗಂಡಹೆಂಡತಿ ಹೋದಾಗ ಅವಳು ಚಾಂದಸಾಬನ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ಹೊರಗೆ ಹಾಕಿಸಿದಳು, ಗದ್ದ ಹಿಡಿದು ಬಾಯಿ ಅಗಲಿಸಿದಳು. ತಾನು ದಿನವೂ ಎತ್ತುಗಳಿಗೆ ಮಾಡುವುದು ಇದನ್ನೇ ಅಲ್ಲವೇ ಎಂದು ಚಾಂದಸಾಬನಿಗೆ ಅನಿಸಿತು.

"ಹಲ್ಲ ನೋಡಿ ವಯಸ್ಸೂ ಹೇಳ್ತಿಯೇನ ಆಯಿ?"

"ವಯಸ್ಸ ಯಾಕ? ನಿನ್ನ ಯಾರೂ ಸಂತಿಗೆ ಒಯ್ಯೂದಿಲ್ಲ. ಎಷ್ಟ ತಿಂತಿ?"

"ಕಡ್ಲಿಕಾಳಿನಷ್ಟು. ಮುಂಜಾನಿ ಒಂದು, ಸಂಜೀಕ ಒಂದು."

"ಒಮ್ಮೆಲೆ ಬಿಟ್ರ ಸಾಯ್ತಿ. ಸಾಯೂದಿಲ್ಲ, ಆದ್ರ ಸತ್ತೇನು ಅಂತ ಒದರತಿ. ಕಡ್ಲಿಕಾಳಿಂದ ಜ್ವಾಳಕ್ಕ ಇಳಿ. ಜ್ವಾಳದಿಂದ ಸಾಸಿವಿಗೆ. ಸಾಸಿವಿಯಿಂದ ಗಸಗಸಿಗೆ. ಅಲ್ಲಿಂದ ಕೆಳಗ ಕಾಳ ಇಲ್ಲ. ದಿನಾ ಮುಂಜಾನಿ ಈ ಪುಡಿ ಒಂದು ಚಿಮಟಿ, ಎಂಟು ಬಟ್ಟಲ ನೀರು ಒಂದು ಬಟ್ಟಲ ಆಗೂತನಕ ಕುದಿಸಿ ಕುಡೀಬೇಕು."

ಕೆಂಪು ದಾರದಿಂದ ಬಾಯಿ ಕಟ್ಟಿದ ಒಂದು ಬಟ್ಟೆಯ ಗಂಟನ್ನು ಅವಳು ಮುಂದಿಟ್ಟಳು.

"ಇದರಾಗ ಏನೈತಿ, ಆಯಿ?"

"ಔಷಧ ಐತಿ."

"ಯಾವ ಗಿಡದ್ದು ಅಂತ?"

"ಹೆಸರ ಹೇಳಿದ್ರ ಗುಣ ಹೋಕ್ಕತಿ. ನಮ್ಮತ್ತಿ ನನಗೂ ಹೆಸರ ಹೇಳ್ಲಿಲ್ಲ. ಗಿಡಾ ತೋರಿಸಿದ್ಲು, ಅಷ್ಟ."

ಜೈತುನಬಿ ಗಂಟನ್ನು ಮೂಗಿನ ಹತ್ತಿರ ಒಯ್ದಳು. ಅವಳ ಕಣ್ಣು ಅಗಲವಾದವು. "ಇದು ಜಾ..." ಎನ್ನುವಷ್ಟರಲ್ಲಿ ಹುಚ್ಚವ್ವ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಕೈ ತೆಗೆದು ತನ್ನ ಅಂಗೈಯನ್ನೊಮ್ಮೆ, ಜೈತುನಬಿಯ ಕರಿ ವಸಡನ್ನೊಮ್ಮೆ ನೋಡಿದಳು.

"ನಿನ್ನ ಬಾಯಾಗೂ ಒಂದು ಐತಲ್ಲ ತಂಗೀ. ಅದರ ಹೆಸರ ಬೇಕಾದ್ರ ನಾ ಹೇಳ್ತೇನಿ."

ತಿರುಗಿ ಬರುವ ಬಸ್ಸಿನಲ್ಲಿ ಜೈತುನಬಿ ಗಂಟನ್ನು ಮತ್ತೆ ಮತ್ತೆ ಮೂಸಿ ನೋಡಿದಳು. ಬಾಗೇವಾಡಿ ಹತ್ತಿರವಾದಾಗ ಗಂಡನ ಕಿವಿಯಲ್ಲಿ, "ಕೂಸು ಮಲಗಸಾಕ ಕಲ್ಲಿನ ಮ್ಯಾಲ ತೇದು ಹಾಕತಾರಲ್ಲ, ಆ ಕಾಯಿ ಐತಿ ಇದರಾಗ. ಹೆಸರ ಹೇಳ್ಲಿಲ್ಲ ನೋಡ್ರಿ ನಾ" ಎಂದಳು.

ಮೊದಲ ವಾರ ಏನೂ ಆಗಲಿಲ್ಲ. ಚಾಂದಸಾಬ ಕಷಾಯ ಕುಡಿದು ಮುಖ ಕಿವುಚಿ, "ಇವತ್ತಿಂದು ಬ್ಯಾರೆ ಐತಿ. ನಿನ್ನಿಗಿಂತ ಕಹಿ" ಎನ್ನುತ್ತಿದ್ದ. ಮರುದಿನವೂ ಅದನ್ನೇ ಎನ್ನುತ್ತಿದ್ದ. ದಿನವೂ ನಿನ್ನೆಗಿಂತ ಕಹಿಯಾಗುವ ಕಷಾಯ ತಿಂಗಳೊಪ್ಪತ್ತಿನಲ್ಲಿ ಎಲ್ಲಿಗೆ ಹೋಗಿ ಮುಟ್ಟಬೇಕು ಎಂದು ಜೈತುನಬಿ ಕೇಳಿದಳು. ಒಂದು ದಿನ ಅವನು ಬಾಯಿ ಬಿಗಿಹಿಡಿದು ಕುಳಿತಾಗ ಅವಳು ಒಳಗಿನಿಂದ ಗೊಟ್ಟ ತಂದಳು. ಎತ್ತಿನ ಬಾಯಿಗೆ ಔಷಧ ಹೊಯ್ಯುವ, ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ ಅದು. ಊರಿನ ಎತ್ತುಗಳಿಗೆ ಕಷಾಯ ಕುದಿಸಿ ಗೊಟ್ಟ ಹಾಕುವುದೂ ನಾಲಬಂದರ ಮನೆಯ ಕೆಲಸವೇ ಆಗಿತ್ತು. ಗೊಟ್ಟ ಕಂಡ ಕೂಡಲೇ ಚಾಂದಸಾಬ ಬಟ್ಟಲನ್ನು ಎತ್ತಿ ಒಂದೇ ಗುಟುಕಿಗೆ ಮುಗಿಸಿದ.

ಗುಳಿಗೆ ಜೋಳದಿಂದ ಸಾಸಿವೆಗೆ ಇಳಿದಾಗ ನಿಜವಾದ ಆಟ ಶುರುವಾಯಿತು. ಅವನಿಗೆ ಆಕಳಿಕೆ ಬರತೊಡಗಿದವು. ಒಂದು ಆಕಳಿಕೆ ಮುಗಿಯುವುದರೊಳಗೆ ಇನ್ನೊಂದು ಅದರ ಬಾಯೊಳಗಿನಿಂದಲೇ ಹುಟ್ಟುತ್ತಿತ್ತು. ಮೂಗು ಸೋರಿತು, ಕಣ್ಣು ಸೋರಿತು, ಬಿಸಿಲಲ್ಲಿ ಕುಳಿತರೂ ಮೈಮೇಲೆ ಪುಕ್ಕ ಕಿತ್ತ ಕೋಳಿಯಂತೆ ಮುಳ್ಳೆದ್ದವು. ಅನ್ನ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಲು. ಮಧ್ಯಾಹ್ನ ಮಲಗಿದರೆ ಎರಡೂ ಕಾಲು ಅವನ ಮಾತು ಕೇಳದೆ ತಮ್ಮಷ್ಟಕ್ಕೆ ತಾವೇ ಗಾಳಿಗೆ ಒದೆಯುತ್ತಿದ್ದವು.

"ಕಟ್ಟೋ ಅಮಸಿದ್ದಾ" ಎಂದ ಒಂದು ದಿನ, ಕಣ್ಣಲ್ಲಿ ನೀರು ತಂದು. "ಎತ್ತಿಗೆ ಕಟ್ಟತಿಯಲ್ಲ, ಹಂಗ ಕಟ್ಟು."

ಅಮಸಿದ್ದ ಹಗ್ಗ ತಂದ. "ಎಡಕ್ಕ ಬೀಳ್ತಿಯೋ, ಬಲಕ್ಕ ಬೀಳ್ತಿಯೋ?"

"ಕಟ್ರಿ ಅಣ್ಣಾ, ಆದ್ರ ನಾಲ ಬಡೀಬ್ಯಾಡ್ರಿ" ಎಂದಳು ಜೈತುನಬಿ. "ಮೊದಲ ಅಂಗಳದ ಕಲ್ಲ ಸಡಲ್ಯಾವು."

ಅಮಸಿದ್ದ ನಗುತ್ತಲೇ ಕಟ್ಟಿದ. ಕಟ್ಟಿದ ಮೇಲೆ ನಗಲಿಲ್ಲ. ಚಾಂದಸಾಬನ ಕಾಲುಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೊತ್ತು ಇಳಿಯುವವರೆಗೆ ಒತ್ತುತ್ತ ಕುಳಿತ. ಜೈತುನಬಿ ಮೂರು ಸಲ ಚಹಾ ತಂದುಕೊಟ್ಟಳು. ಆ ಮೂರು ವಾರ ನಾಲ ಬಡಿಸಲು ಬಂದವರಿಗೆಲ್ಲ ವಿಜಾಪುರದಿಂದ ಕಬ್ಬಿಣ ಬಂದಿಲ್ಲ ಎಂದು ಹೇಳಿ ಕಳಿಸಿದರು. ಕಬ್ಬಿಣದ ಚೂರುಗಳು ಬೇವಿನ ಕೆಳಗೆ ಎಲ್ಲರ ಕಣ್ಣೆದುರಿಗೇ ಬಿದ್ದಿದ್ದವು.

ಗುಳಿಗೆ ಗಸಗಸೆಯಷ್ಟಾದ ದಿನ ಅಮಸಿದ್ದ ಅದನ್ನು ಉಗುರಿನ ಮೇಲಿಟ್ಟು ನೋಡಿದ. ಅಫೀಮು ಬರುವುದೂ ಗಸಗಸೆಯ ಗಿಡದಿಂದಲೇ. "ತಿರಗಾಡಿ ತಿರಗಾಡಿ ತವರಮನಿಗೆ ಬಂತಲ್ಲೋ ಇದು!" ಎಂದ.

ಅಂದು ಜೈತುನಬಿ ಮಿಶ್ರಿಯ ಡಬ್ಬಿಯನ್ನು ತಂದು ಸುತ್ತಿಗೆ, ಉಳಿ, ಇಕ್ಕಳಗಳ ನಡುವೆ ಹಾಕಿದಳು. ಮರುದಿನದಿಂದ ಅವಳಿಗೆ ತಲೆ ಸಿಡಿಯತೊಡಗಿತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಉಪ್ಪಿನ ಬದಲು ಸಕ್ಕರೆ ಹಾಕಿದಳು, ಕೋಳಿಗೆ ಬೈದಳು, ಒಲೆಯ ಮುಂದೆ ಕುಳಿತು ತಾನು ಯಾಕೆ ಬಂದೆ ಎಂಬುದನ್ನೇ ಮರೆತಳು. ಗಂಡನ ಕಷ್ಟಕ್ಕೆ ಮೂರು ವಾರ ಆಡಿದ ಮಾತುಗಳನ್ನು ಈಗ ಗಂಡ ಒಂದೊಂದಾಗಿ ತಿರುಗಿ ಕೊಡುತ್ತಿದ್ದ.

"ಹಲ್ಲ ತಿಕ್ಕೋ ಪುಡಿ ಏನ, ಅದು?"

"ಸುಮ್ಮನ ಕೂಡ್ರಿ. ಇಲ್ಲಂದ್ರ ಗೊಟ್ಟ ತರ್ತೇನಿ."

ಗಸಗಸೆಯೂ ಮುಗಿದು, ಗುಳಿಗೆಯೇ ಇಲ್ಲದ ಮೊದಲ ದಿನ ಬಂತು. ಜೈತುನಬಿಗೆ ಅದು ಮಿಶ್ರಿ ಬಿಟ್ಟ ಐದನೆಯ ದಿನ. ಬಿಸಿಲೇರುವ ಹೊತ್ತಿಗೆ ಬೇವಿನ ಕೆಳಗೆ ಗಾಡಿಯೊಂದು ಬಂದು ನಿಂತಿತು. ಮನಗೂಳಿಯ ಪರಮಾನಂದ ಗೌಡ ಕೆಳಗಿಳಿದ. ನಲವತ್ತರ ಆಳು. ಇಂಡಿ ಊರಿನ ದನದ ಪೇಟೆಯಲ್ಲಿ ಹೊಸದಾಗಿ ಹಿಡಿದ ಜೋಡಿ, ಒಂದು ಬಿಳಿ, ಒಂದು ಕಂದು. ಅವುಗಳ ಕೋಡಿಗೆ ಕೆಂಪು ಗೊಂಡೆ.

"ಚಾಂದ ಕಾಕಾ, ನಾಳೆ ಹತ್ತಿ ಹೇರಕೊಂಡು ಮುದ್ದೇಬಿಹಾಳಕ್ಕ ಹೋಗಬೇಕು. ಖಡೀ ರಸ್ತೆ, ಬರೇ ಕಲ್ಲು. ಇವತ್ತ ನಾಲ ಆಗಲೇಬೇಕು ನೋಡು."

"ಕಬ್ಬಿಣ ಬಂದಿಲ್ಲ, ಗೌಡ."

ಗೌಡ ಕಾಲಕೆಳಗಿನ ಕಬ್ಬಿಣವನ್ನು ನೋಡಿದ. ನೋಡಿಯೂ ನೋಡದಂತೆ, "ಸಿಂದಗಿಯಿಂದ ಒಬ್ಬ ಹೊಸಾ ನಾಲಬಂದ ನಮ್ಮೂರಿಗೆ ಬಂದಾನ. ಮನೀ ಮುಂದ ನಿಂತು ನಾ ಬಡೀತೇನಿ ಅಂದ. ನಮ್ಮಪ್ಪ ಬ್ಯಾಡ ಅಂದ. ಚಾಂದಸಾಬನ ಕೈ ಬ್ಯಾರೆ ಅಂದ. ಈಗ ಹಂಗ ತಿರುಗಿ ಹೋದ್ರ ಏನ ಹೇಳ್ಲಿ ಅವಗ?" ಎಂದ.

ಚಾಂದಸಾಬ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಹಿಡಿದ ಕೈಯೂ ನಡುಗುತ್ತಿತ್ತು. ಇಂದು ತಿರುಗಿ ಕಳಿಸಿದರೆ ಗೌಡನ ಅಪ್ಪನಿಗೆ ಗೊತ್ತಾಗುತ್ತದೆ, ನಾಳೆ ಮನಗೂಳಿಗೆ, ವಾರದಲ್ಲಿ ಇಡೀ ತಾಲೂಕಿಗೆ. ಬಡಿದು ಎತ್ತು ಕುಂಟಿದರೆ ವಾರವೂ ಬೇಕಿಲ್ಲ.

"ಕೂಡು" ಎಂದ. "ಒಂದು ಬಟ್ಟಲ ಔಷಧ ಕುಡದ ಬರ್ತೇನಿ."

"ಅದೂ ತಂದೇನಿ." ಗೌಡ ಎರಡು ಗಂಟು ತೆಗೆದು ಜೈತುನಬಿಯ ಕೈಗೆ ಕೊಟ್ಟ. "ಕಾಕಿ, ಹುಚ್ಚವ್ವ ಕಳಿಸ್ಯಾಳ. ಕೆಂಪು ದಾರದ್ದು ಕಾಕಾಂದು. ಹಿಂದಿಂದು ಮುಗದಿರಬೇಕು ಅಂದ್ಲು. ಕರೀ ದಾರದ್ದು ಈ ಬಿಳಿ ಎತ್ತಿಂದು. ಎರಡು ದಿನಾತು, ಮೇವು ಸರಿ ತಿನವಲ್ದು. ಗಂಟು ಪೂರಾ ಒಂದು ಗಡಿಗ್ಯಾಗ ಕುದಿಸಿ ಗೊಟ್ಟದಾಗ ಹಾಕ್ರಿ ಅಂದ್ಲು."

"ಏನ ಹಾಕ್ಯಾಳ ಎತ್ತಿಂದರಾಗ?"

"ಕೇಳಿದೆ. ಹೆಸರ ಹೇಳಿದ್ರ ಗುಣ ಹೋಕ್ಕತಿ ಅಂದ್ಲು."

ಜೈತುನಬಿ ಒಳಗೆ ಹೋಗಿ ಎರಡು ಒಲೆ ಹಚ್ಚಿದಳು. ಹತ್ತಿಕಟ್ಟಿಗೆ ಹಸಿಯಿತ್ತು. ಹೊಗೆ ಕಣ್ಣಿಗೂ ಮೂಗಿಗೂ ತುಂಬಿತು. ತಲೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು. ಗೌಡ ಹೇಳಿದ್ದರಲ್ಲಿ ಎರಡು ಬಣ್ಣಗಳಷ್ಟೇ ಅವಳ ತಲೆಯಲ್ಲಿ ಉಳಿದಿದ್ದವು, ಯಾವುದು ಯಾರದು ಎಂಬುದು ಹೊಗೆಯೊಡನೆ ಹೋಗಿತ್ತು. ಹಿಂದಿನ ಗಂಟನ್ನು ಬಿಚ್ಚಿ ಭರಣಿಗೆ ಸುರಿದು ತಿಂಗಳಾಗಿದ್ದರಿಂದ, ಅದರ ದಾರ ಯಾವ ಬಣ್ಣದ್ದಿತ್ತೆಂಬುದೂ ನೆನಪಿಗೆ ಬರಲಿಲ್ಲ. ಬಾಗಿಲಿನಿಂದ ಹೊರಗೆ ನೋಡಿದಳು. ಎತ್ತಿನ ಕೋಡಿಗೆ ಕೆಂಪು ಗೊಂಡೆ ಇತ್ತು. ತನ್ನ ಗಂಡನ ರಟ್ಟೆಗೆ ದರ್ಗಾದಿಂದ ತಂದು ಕಟ್ಟಿದ ಕರಿ ದಾರವಿತ್ತು. ಕೆಂಪು ದನಕ್ಕೆ, ಕರಿ ಮನುಷ್ಯರಿಗೆ. ಇದರಲ್ಲಿ ಕೇಳುವುದೇನಿದೆ? ಅವಳು ಕೆಂಪು ಗಂಟನ್ನು ಪೂರಾ ಗಡಿಗೆಗೆ ಸುರಿದಳು. ಕರಿ ಗಂಟಿನಿಂದ ಒಂದು ಚಿಮಟಿ ತೆಗೆದು ಗಂಡನ ಪಾತ್ರೆಗೆ ಹಾಕಿದಳು.

ಚಾಂದಸಾಬ ಬಟ್ಟಲು ಬಾಯಿಗಿಟ್ಟ. ಕಣ್ಣು ಹೊರಗೆ ಬಂದವು.

"ಇವತ್ತಿಂದು ಬ್ಯಾರೆ ಐತಿ!"

"ಹೌದ್ರಿ. ನಿನ್ನೀದೂ ಬ್ಯಾರೆ ಇತ್ತು."

"ಅಲ್ಲ ಜೈತುನಾ, ಖರೇನ ಬ್ಯಾರೆ ಐತಿ. ಬೆಂಕಿ! ಒಳಗ ಬೆಂಕಿ ಹತ್ತೈತಿ!"

"ಗೊಟ್ಟ ಎತ್ತಿಗೆ ಬೇಕಾಗೇತಿ. ಆದ್ರೂ ಒಂದು ಸಲ ನಿಮಗೂ ಹಾಕ್ತೇನಿ."

ಅವನು ಕುಡಿದ. ಸ್ವಲ್ಪ ಹೊತ್ತಿಗೆ ಅವನಿಗೊಂದು ತೇಗು ಬಂತು. ಆ ತೇಗಿಗೆ ಬೇವಿನ ಮರದ ಕಾಗೆ ಹಾರಿತು. ಆಮೇಲೆ, ಇಪ್ಪತ್ತು ದಿನಗಳಲ್ಲಿ ಮೊದಲ ಸಲ, ಅವನ ಹೊಟ್ಟೆ ತಾನಾಗಿ ರೊಟ್ಟಿ ಕೇಳಿತು. ಬಿಸಿ ರೊಟ್ಟಿ ಎರಡು, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ತಿಂದ. ಹೊರಗೆ ಗೌಡನೂ ಅಮಸಿದ್ದನೂ ಬಿಳಿ ಎತ್ತಿನ ಬಾಯಿ ಎತ್ತಿ ಗೊಟ್ಟ ಹಾಕಿದ್ದರು.

ಚಾಂದಸಾಬ ಚೀಲ ತೆಗೆದುಕೊಂಡು ಮರದ ಕೆಳಗೆ ಬಂದಾಗ ಅಮಸಿದ್ದ ಹಗ್ಗ ಬಿಚ್ಚಿ ಬಿಳಿ ಎತ್ತಿನ ಬೆನ್ನಮೇಲೆ ಎಸೆಯುತ್ತಿದ್ದ. ಹಗ್ಗ ಬಿಗಿಯುವ ಮೊದಲೇ ಎತ್ತು ಮುಂಗಾಲು ಮಡಚಿತು. ಹಿಂಗಾಲು ಮಡಚಿತು. ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಮಗ್ಗುಲಾಯಿತು.

"ಇದೇನೋ ಇದು?" ಎಂದ ಅಮಸಿದ್ದ, ಹಗ್ಗ ಕೈಯಲ್ಲೇ ಹಿಡಿದು. "ಮೂವತ್ತು ವರ್ಷದಾಗ ತಾನ ಬಿದ್ದ ಎತ್ತು ನೋಡಿಲ್ಲ ನಾ."

ರಸ್ತೆಯಲ್ಲಿ ಹೋಗುತ್ತಿದ್ದ ನಾಲ್ಕಾರು ಜನ ನಿಂತರು. ಚಾಂದಸಾಬ ಗೊರಸು ಕೆತ್ತಿ, ನಾಲವಿಟ್ಟು, ಮೊದಲ ಮೊಳೆ ಹಿಡಿದ. ಕೈ ನಡುಗಿತು. ಸುತ್ತಿಗೆ ಜಾರಿ ಗೊರಸಿನ ಪಕ್ಕಕ್ಕೆ ಬಡಿಯಿತು. ಒದೆಯಬೇಕಾಗಿದ್ದ ಎತ್ತು ಒಂದು ಕಿವಿ ಮಾತ್ರ ಅಲ್ಲಾಡಿಸಿತು. ಮೂರನೆಯ ನಾಲಕ್ಕೆ ಬರುವ ಹೊತ್ತಿಗೆ ಅದು ಗೊರಕೆ ಹೊಡೆಯುತ್ತಿತ್ತು. ಕಲ್ಲಿನಂತೆ ಬಿದ್ದ ಗೊರಸಿಗೆ ಮೊಳೆಗಳು ಒಂದರ ಹಿಂದೊಂದು ಇಳಿದವು.

"ನೋಡ್ರಿ ಕೈಗುಣ!" ಎಂದ ಗೌಡ ನಿಂತವರಿಗೆಲ್ಲ ಕೇಳುವಂತೆ. "ಎತ್ತಿಗೂ ಗೊತ್ತಾಕ್ಕತಿ ಯಾರ ಕೈ ಅಂತ. ಸಿಂದಗಿಯಂವ ಆಗಿದ್ರ ಇಷ್ಟೊತ್ತಿಗೆ ಎದಿ ಒಡಕೊಂಡಿರ್ತಿದ್ದ."

ಚಾಂದಸಾಬನ ಎದೆ ಉಬ್ಬಿತು. ಎಂಟನೆಯ ನಾಲ ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ಎತ್ತಿನ ತಲೆಯ ಕಡೆ ಬಂದು ಪ್ರೀತಿಯಿಂದ ಅದರ ಮೂತಿಯ ಹತ್ತಿರ ಬಾಗಿದ. ಎತ್ತು ಅವನ ಮುಖದ ಮೇಲೆ ಉಸಿರು ಬಿಟ್ಟಿತು.

ಜಾಜಿಕಾಯಿ.

ಅವನು ಹಾಗೇ ಬಾಗಿಕೊಂಡೇ ಇದ್ದ. ಹಿಂದೆ ಗೌಡ ಯಾರಿಗೋ ಹೇಳುತ್ತಿದ್ದ: "ಕರೀ ದಾರದ ಗಂಟು ಕೊಟ್ಟು, ಇದು ಮೇವು ತಿನಸ್ತೈತಿ ಅಂದಿದ್ಲು ಹುಚ್ಚವ್ವ. ಇದು ನೋಡಿದ್ರ ಮಲಗೇಬಿಡ್ತು." ಬಾಗಿಲಲ್ಲಿ ನಿಂತಿದ್ದ ಜೈತುನಬಿ ಆ ಮಾತು ಕೇಳಿ ಒಳಗೆ ಓಡಿದಳು. ಗಡಿಗೆಯ ಪಕ್ಕದಲ್ಲಿ ಕೆಂಪು ದಾರ ಬಿದ್ದಿತ್ತು. ತಿರುಗಿ ಬಾಗಿಲಿಗೆ ಬಂದಾಗ ಅವಳ ಎರಡೂ ಕೈ ಬಾಯಿಯ ಮೇಲಿದ್ದವು. ಗಂಡ ತಲೆಯೆತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು. ಅವನ ಎದೆ ತನ್ನ ಮೊದಲಿನ ಅಳತೆಗೆ ಇಳಿಯಿತು.

"ಇನ್ನ ಕಂದು ಎತ್ತು ಕೆಡವಲೇನು?" ಎಂದ ಅಮಸಿದ್ದ.

ಕಂದು ಎತ್ತು ಯಾವ ಕಷಾಯವನ್ನೂ ಕುಡಿದಿರಲಿಲ್ಲ. ಅದನ್ನು ಕೆಡವಲು ಅಮಸಿದ್ದನ ಜೊತೆ ಗೌಡನೂ ಇನ್ನಿಬ್ಬರೂ ಹಗ್ಗ ಹಿಡಿಯಬೇಕಾಯಿತು. ಬಿದ್ದ ಮೇಲೂ ಅದು ಕಟ್ಟಿದ ಕಾಲುಗಳನ್ನು ಜಗ್ಗಿತು, ಕೊರಳು ಎತ್ತಿ ಎತ್ತಿ ಬಡಿಯಿತು. ಈಗ ಹೊಟ್ಟೆನೋವೆಂದು ಒಳಗೆ ಹೋಗಬಹುದು ಎಂದು ಚಾಂದಸಾಬನಿಗೆ ಅನಿಸಿತು. ಆ ಕಷಾಯ ಕುಡಿದವನು ಹೊಟ್ಟೆನೋವು ಎಂದರೆ ಯಾರೂ ಅನುಮಾನಿಸುವುದಿಲ್ಲ. ಆದರೆ ಒಂದೇ ಎತ್ತಿಗೆ ನಾಲ ಬಡಿದು ಜೋಡಿಯನ್ನು ಕಳಿಸುವ ನಾಲಬಂದ ಯಾವ ಊರಲ್ಲೂ ಇಲ್ಲ.

ಅವನು ಕುಳಿತ. ಕೈ ನಡುಗುತ್ತಿತ್ತು. ಮೊಣಕೈಯನ್ನು ಮೊಣಕಾಲಿಗೆ ಒತ್ತಿ ಹಿಡಿದ, ಸ್ವಲ್ಪ ಕಡಿಮೆಯಾಯಿತು. ಮೊಳೆಯನ್ನು ಬೆರಳಿನಿಂದ ಹಿಡಿಯದೆ ಹೆಬ್ಬೆರಳಿನ ಬುಡದಿಂದ ಗೊರಸಿಗೆ ಒತ್ತಿದ, ಇನ್ನಷ್ಟು ಕಡಿಮೆಯಾಯಿತು. ಮೊದಲಿನಂತೆ ಮೂರು ಏಟಿಗೆ ಇಳಿಸುವ ಧೈರ್ಯವಾಗಲಿಲ್ಲ. ಸಣ್ಣಗೆ, ಹತ್ತು ಹನ್ನೆರಡು ಏಟು ಹಾಕಿದ. ಹಾಕುವಾಗ ಅವನಿಗೊಂದು ಸಪ್ಪಳ ಕೇಳಿಸಿತು. ಮೊಳೆ ಸತ್ತ ಗೊರಸಿನಲ್ಲಿ ಹೋಗುವಾಗ ಒಣ ಕಟ್ಟಿಗೆಯ ಸಪ್ಪಳ ಬರುತ್ತದೆ ಎಂದು ಅವನ ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದ. ಎಷ್ಟು ವರ್ಷವಾಗಿತ್ತು ಆ ಸಪ್ಪಳ ಕೇಳಿ! ಗುಳಿಗೆ ತಿಂದ ಕೈಗೆ ಅಂಜಿಕೆ ಇರಲಿಲ್ಲ, ಅಂಜಿಕೆ ಇಲ್ಲದ್ದರಿಂದ ಕಿವಿಗೆ ಕೆಲಸವೂ ಇರಲಿಲ್ಲ.

ಐದನೆಯ ನಾಲದ ಎರಡನೆಯ ಮೊಳೆಯಲ್ಲಿ ಸಪ್ಪಳ ಮೆತ್ತಗಾಯಿತು. ಅವನು ಸುತ್ತಿಗೆ ನಿಲ್ಲಿಸಿದ. ಇಕ್ಕಳದಿಂದ ಮೊಳೆಯನ್ನು ಹಿಂದಕ್ಕೆ ಕಿತ್ತ.

"ಯಾಕ ಕಾಕಾ?" ಎಂದ ಗೌಡ.

"ಇದು ಒಳಗ ಹೊಂಟಿತ್ತು."

"ಹೋಗಿರಲಿಲ್ಲಲ್ಲ?"

"ಹೋಗಿದ್ರ ನೀ ನನ್ನ ಕೇಳ್ತಿದ್ದಿಲ್ಲ, ಎತ್ತು ಹೇಳ್ತಿತ್ತು."

ಒಂದು ಎತ್ತಿಗೆ ಮೂರು ಎತ್ತಿನ ಹೊತ್ತು ಹಿಡಿಯಿತು. ನಿಂತ ಜನ ಬೇಸತ್ತು ಹೋದರು. ಕೊನೆಗೆ ಹಗ್ಗ ಬಿಚ್ಚಿದಾಗ ಕಂದು ಎತ್ತು ಸಿಟ್ಟಿನಿಂದ ಎದ್ದಿತು. ಅಮಸಿದ್ದ ಅದನ್ನು ಅಂಗಳದ ಕಲ್ಲುಹಾಸಿನ ಮೇಲೆ ಮೂರು ಸಲ ನಡೆಸಿದ. ಚಾಂದಸಾಬ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿದ. ನಾಲ್ಕೂ ಕಾಲು ಒಂದೇ ತೂಕದಲ್ಲಿ ಬೀಳುತ್ತಿದ್ದವು. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಲು ಹೋದ. ಅದು ಎರಡು ಸಲ ಚೀಲದ ಹೊರಗೆ ಬಿತ್ತು.

ಕಷ್ಟವಾದದ್ದು ಬಿಳಿ ಎತ್ತನ್ನು ಎಬ್ಬಿಸುವುದು. ಗೌಡ ಬಾಲ ತಿರುವಿದ, ಅಮಸಿದ್ದ ಕಿವಿಯಲ್ಲಿ ಕೂಗಿದ, ಮುಖಕ್ಕೆ ಒಂದು ಕೊಡ ನೀರು ಹೊಯ್ದರು. ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ಅದು ತಾನಾಗಿ ಎದ್ದು, ಬೇಸಿಗೆ ರಜೆ ಮುಗಿಸಿ ಬಂದ ಸಾಲಿ ಮಾಸ್ತರನ ಹಾಗೆ ಸುತ್ತಲೂ ನೋಡಿ, ಎದುರಿಗಿದ್ದ ಕಣಿಕೆಯನ್ನು ಗಬಗಬ ತಿನ್ನತೊಡಗಿತು.

"ಮೇವು ತಿಂತು ನೋಡು!" ಎಂದ ಗೌಡ. "ಹುಚ್ಚವ್ವ ಅಂದ್ರ ಹುಚ್ಚವ್ವ." ಸಂತೋಷದಿಂದ ಗಾಡಿ ಹೂಡಿಕೊಂಡು ಹೋದ. ತಿರುವಿನವರೆಗೂ ಹೊಸ ನಾಲಗಳ ಸಪ್ಪಳ ಕೇಳುತ್ತಿತ್ತು.

ಅಮಸಿದ್ದನೂ ಹೋದ ಮೇಲೆ ಜೈತುನಬಿ ಚಹಾ ತಂದು ಕಟ್ಟೆಯ ಮೇಲಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಏನ್ರಿ, ಒಂದು ಮಾತು ಹೇಳೂದೈತಿ."

"ಹೇಳಬ್ಯಾಡ. ಹೆಸರ ಹೇಳಿದ್ರ ಗುಣ ಹೋಕ್ಕತಿ."

"ಗೊತ್ತಾತು ಹಂಗಾರ ನಿಮಗ."

"ಎತ್ತು ಮಾರೀ ಮ್ಯಾಲ ಉಸರ ಬಿಡ್ತು. ತೊಟ್ಟಲದಾಗಿನ ಕೂಸಿನ ವಾಸನಿ."

"ಮತ್ತ ಅವಾಗ ಯಾಕ ನಿಲ್ಲಿಸ್ಲಿಲ್ಲ ನೀವು?"

"ನಿಲ್ಲಿಸಿ ಗೌಡಗ ಏನ ಹೇಳ್ಬೇಕಿತ್ತು? ನನ್ನ ಔಷಧ ನಿನ್ನ ಎತ್ತು ಕುಡದೈತಿ, ಅದರದು ನಾ ಕುಡದೇನಿ, ನಾಳೆ ಗಾಡಿಗೆ ಯಾರನ್ನ ಹೂಡ್ತಿ ಅಂತಾ?"

ಜೈತುನಬಿ ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕಣ್ಣು ಒರೆಸಿಕೊಂಡಳು. ಚಾಂದಸಾಬ ಚೀಲದಿಂದ ಮಿಶ್ರಿಯ ಡಬ್ಬಿಯನ್ನು ತೆಗೆದು ಅವಳ ಮುಂದೆ ಹಿಡಿದ.

"ತಗೋ ಬೇಕಾದ್ರ. ಐದು ದಿನದಾಗ ಒಂದು ಎತ್ತು ಮಲಗಿಸಿದಿ. ಇನ್ನ ಐದು ದಿನ ಬಿಟ್ರ ಊರ ಮಲಗಿಸ್ತಿ."

ಅವಳು ಡಬ್ಬಿಯನ್ನು ನೋಡಿದಳು, ಅದನ್ನು ಹಿಡಿದ ಕೈಯನ್ನು ನೋಡಿದಳು. ಡಬ್ಬಿಯೊಳಗೆ ಮಿಶ್ರಿ ಗಲಗಲ ಎನ್ನುತ್ತಿತ್ತು.

"ಇನ್ನೂ ನಡಗಾಕತ್ತೈತಿ ನಿಮ್ಮ ಕೈ."

"ನಡಗ್ಲಿ. ನಂದೇ ಐತಲ್ಲ."

ಅವಳು ಡಬ್ಬಿಯನ್ನು ತೆಗೆದುಕೊಂಡು ತಿರುಗಿ ಚೀಲದೊಳಗೇ ಹಾಕಿದಳು. ಚಾಂದಸಾಬ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ. ಅರ್ಧ ಬಸಿಗೆ ಬಿತ್ತು, ಅರ್ಧ ಧೋತರಕ್ಕೆ.

"ನಾಳೆ ಏನ ಕುದಿಸ್ಲಿ?" ಎಂದಳು ಜೈತುನಬಿ. "ನಿಮ್ಮದು ಪೂರಾ ಆ ಎತ್ತಿನ ಹೊಟ್ಯಾಗ ಹೋತು."

"ಎತ್ತಿಂದು ಉಳದೈತೇನ?"

"ಐತಿ. ಒಂದು ಚಿಮಟಿ ತಗದಿದ್ದೆ, ಅಷ್ಟ."

"ಹಂಗಾದ್ರ ಅದನ್ನ ಕುದಿಸು" ಎಂದ ಚಾಂದಸಾಬ. ಸ್ವಲ್ಪ ಸಂಕೋಚದಿಂದ ಒಲೆಯ ಕಡೆ ಕತ್ತು ಚಾಚಿ, "ಮುಂಜಾನೀವು ರೊಟ್ಟಿ ಏನರ ಉಳದಾವೇನ ನೋಡು?" ಎಂದ.